ಕುರಿ ಕಾಯುವವರ ಸಾಮ್ರಾಜ್ಯ

“ಓದದಿದ್ದರೆ ಕುರಿ ಕಾಯಲು ಹೋಗು” ಎಂಬ ಬೈಗುಳವನ್ನು ಒಮ್ಮೆಯೂ ಕೇಳದೆ ನಮ್ಮ ಸೀಮೆಯ ಶಾಲೆಗಳಿಂದ ಹೊರಬಿದ್ದ ವಿದ್ಯಾರ್ಥಿ ವಿರಳ. ಇತಿಹಾಸದ ಅಧ್ಯಾಪಕನಾಗಿದ್ದ ನಾನೂ ಅದನ್ನು ಬಳಸಿದ್ದೇನೆ. ಹಿಂದಿನ ಸಾಲಿನಲ್ಲಿ ಹಾಲುಮತದ ಹುಡುಗರು ಕುಳಿತಿರುವರೆಂದು ಬಲ್ಲವನಾಗಿಯೂ ಬಳಸಿದ್ದೇನೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಶಾಲೆಯ ಹಳೆಯ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಅನೇಕರಿರುವರೆಂದು ನೆನೆದು, ನಾನು ತಪ್ಪಾಗಿ ಕಲಿಸಿದ ಒಂದು ಪಾಠವನ್ನು ತಿದ್ದುವುದೇ ಲೇಸೆಂದು ತೋರಿತು. ಅದು ಅಲೆಮಾರಿಗಳ ಪಾಠ.

ನಮ್ಮ ಪಠ್ಯಪುಸ್ತಕಗಳಲ್ಲಿ ಅಲೆಮಾರಿ ಜನಾಂಗಗಳು ಬಿರುಗಾಳಿಯಂತೆ ಬರುತ್ತವೆ, ನಗರಗಳನ್ನು ಸುಡುತ್ತವೆ, ಮುಂದಿನ ಪುಟದಲ್ಲಿ ಕಾಣೆಯಾಗುತ್ತವೆ. ರಾಜ್ಯ, ಆಡಳಿತ, ಕಾನೂನು ಎಂಬುವೆಲ್ಲ ನೇಗಿಲು ಹಿಡಿದವರ ಸೊತ್ತು, ಕೋಲು ಹಿಡಿದು ಮಂದೆಯ ಹಿಂದೆ ನಡೆದವರದಲ್ಲ ಎಂಬ ಭಾವನೆ ಓದುವ ಮಕ್ಕಳ ಮನಸ್ಸಿನಲ್ಲಿ ತಾನಾಗಿಯೇ ನೆಲೆಗೊಳ್ಳುತ್ತದೆ. ಇದು ಇತಿಹಾಸಕ್ಕೆ ಸಲ್ಲದ ಮಾತೆಂದು ನನ್ನ ಅಭಿಪ್ರಾಯ.

ಈ ಭಾವನೆಗೆ ಒಂದು ಕಾರಣವಿಲ್ಲದಿಲ್ಲ. ಕಣಜದ ಧಾನ್ಯ ಇದ್ದಲ್ಲೇ ಇರುತ್ತದೆ. ಅರಸನ ಅಧಿಕಾರಿ ಬಂದು ಅಳೆದು ಆರನೆಯ ಒಂದು ಪಾಲನ್ನು ಒಯ್ಯಬಹುದು. ಕುರಿಗಾದರೋ ಕಾಲುಗಳಿವೆ. ಕಂದಾಯ ಹೆಚ್ಚಾಯಿತೆಂದು ತೋರಿದರೆ ಕುರಿಯೂ ನಡೆದುಹೋಗುತ್ತದೆ, ಅದರ ಒಡೆಯನೂ ನಡೆದುಹೋಗುತ್ತಾನೆ. ಮೇಲಾಗಿ ಹುಲ್ಲುಗಾವಲು ಜನರನ್ನು ಒಂದೆಡೆ ಸೇರಗೊಡುವುದಿಲ್ಲ. ನೂರು ಕುಟುಂಬಗಳು ಒಂದೇ ಕಡೆ ನಿಂತರೆ ಕೆಲವೇ ದಿನಗಳಲ್ಲಿ ಮೇವು ತೀರುತ್ತದೆ. ಇಂತಹ ಜನರ ಮೇಲೆ ರಾಜ್ಯ ಕಟ್ಟುವುದು ಬೇಸಾಯಗಾರರ ಮೇಲೆ ಕಟ್ಟುವುದಕ್ಕಿಂತ ಕಠಿಣ. ಕಠಿಣವಾದುದನ್ನು ಸಾಧಿಸಿದವರನ್ನೇ ನಾವು ಅನಾಗರಿಕರೆಂದು ಕರೆದೆವು.

ನಮ್ಮ ಕುರುಬರ ಮಂದೆಗಳನ್ನೇ ನೋಡಿ. ಮಳೆಗಾಲ ಮುಗಿದೊಡನೆ ಹಲವು ಕುಟುಂಬಗಳು ಒಬ್ಬ ಹಿರಿಯನ ಮಾತಿನಂತೆ ಕೂಡಿ ಹೊರಡುತ್ತವೆ. ಯಾವ ದಾರಿ, ಯಾವ ಊರಿನ ಯಾರ ಹೊಲ, ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದ್ದಕ್ಕೆ ಎಷ್ಟು ಜೋಳ, ಕಳುವಾದರೆ ಹೊಣೆ ಯಾರದು, ಇವೆಲ್ಲವೂ ಬಾಯಿಮಾತಿನಲ್ಲೇ ತೀರ್ಮಾನವಾಗುತ್ತವೆ. ಚದುರಿ ಬಾಳುವುದು, ಗೊತ್ತಾದ ಕಾಲಕ್ಕೆ ಕೂಡುವುದು, ಎಣಿಸುವುದು, ನ್ಯಾಯ ಹೇಳುವುದು ಇವು ಪಶುಪಾಲನೆಯ ನಿತ್ಯದ ಕೆಲಸಗಳು. ಮಧ್ಯ ಏಷ್ಯಾದ ವಿಶಾಲ ಹುಲ್ಲುಗಾವಲಿನಲ್ಲಿ ಇವೇ ಕೆಲಸಗಳು ಸಾಮ್ರಾಜ್ಯದ ಅಳತೆಗೆ ಬೆಳೆದವು.

ಮೊದಲ ದೊಡ್ಡ ನಿದರ್ಶನ ಇಂದಿನ ಮಂಗೋಲಿಯ ಪ್ರದೇಶದ ಷಿಯೋಂಗ್ನು ಜನರದು. ಕ್ರಿ.ಪೂ. 209ರಲ್ಲಿ ಮೋದು ಎಂಬ ರಾಜಕುಮಾರನು ತಂದೆಯನ್ನು ಕೊಂದು ಒಡೆತನ ಪಡೆದನು. ಚೀನದ ಇತಿಹಾಸಕಾರ ಸಿಮಾ ಚ್ಯೆನ್ ಅವನ ವಿಷಯವಾಗಿ ಒಂದು ಪ್ರಸಂಗವನ್ನು ಹೇಳುತ್ತಾನೆ. ನೆರೆಯ ದೋಂಗ್‌ಹು ಜನರು ಮೊದಲು ಮೋದುವಿನ ಶ್ರೇಷ್ಠ ಕುದುರೆಯನ್ನು ಕೇಳಿದರು, ಕೊಟ್ಟನು. ಬಳಿಕ ಅವನ ರಾಣಿಯರಲ್ಲಿ ಒಬ್ಬಳನ್ನು ಕೇಳಿದರು, ಅವಳನ್ನೂ ಕೊಟ್ಟನು. ಮೂರನೆಯ ಸಲ, ಇಬ್ಬರ ಗಡಿಗಳ ನಡುವೆ ಯಾರೂ ವಾಸಿಸದ ಬೀಳು ನೆಲವನ್ನು ಕೇಳಿದರು. ಕೊಟ್ಟರೇನಾಯಿತು ಎಂದ ಮಂತ್ರಿಗಳ ತಲೆ ಕಡಿಸಿ, ನೆಲವೇ ರಾಜ್ಯದ ಮೂಲವೆಂದು ಸಾರಿ ಅವನು ದಂಡೆತ್ತಿ ಹೋದನಂತೆ. ಕಥೆಯಲ್ಲಿ ಬಣ್ಣ ಎಷ್ಟೇ ಸೇರಿರಲಿ (ರಾಣಿಯ ವಿಷಯ ಓದುವಾಗ ಇಂದಿನ ನಮಗೆ ಸಂಕಟವಾಗದಿರದು), ಅಲೆಮಾರಿಗೆ ನೆಲದ ಮಮತೆಯಿಲ್ಲವೆಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇರೊಂದಿಲ್ಲ.

ಮೋದು ಕಟ್ಟಿದ ವ್ಯವಸ್ಥೆಯನ್ನೂ ಅದೇ ಇತಿಹಾಸಕಾರ ವಿವರಿಸಿದ್ದಾನೆ. ಅರಸನ ಎಡಬಲಗಳಲ್ಲಿ, ಅಂದರೆ ಪೂರ್ವ ಪಶ್ಚಿಮಗಳಲ್ಲಿ, ಒಟ್ಟು 24 ಮುಖ್ಯಸ್ಥರು. ಅವರ ಕೆಳಗೆ ಸಾವಿರ, ನೂರು, ಹತ್ತು ಮಂದಿಯ ನಾಯಕರು. ಪ್ರತಿಯೊಬ್ಬರಿಗೂ ಗೊತ್ತಾದ ಮೇವಿನ ಪ್ರದೇಶ. ಶರತ್ಕಾಲದಲ್ಲಿ ಕುದುರೆಗಳು ಕೊಬ್ಬಿದಾಗ ಎಲ್ಲರೂ ಕೂಡಿ ಜನರನ್ನೂ ದನಕರುಗಳನ್ನೂ ಎಣಿಸುತ್ತಿದ್ದರು. ಜನಗಣತಿ ನಗರವಾಸಿಗಳು ಮಾತ್ರ ಮಾಡಿದ ಕೆಲಸವಲ್ಲವೆಂದು ಇದರಿಂದ ತಿಳಿಯುತ್ತದೆ. ಕ್ರಿ.ಪೂ. 200ರಲ್ಲಿ ಹಾನ್ ವಂಶದ ಸ್ಥಾಪಕ ಚಕ್ರವರ್ತಿಯನ್ನೇ ಮೋದು ಏಳು ದಿನ ಸುತ್ತುಗಟ್ಟಿದನು. ಕ್ರಿ.ಪೂ. 198ರ ಒಪ್ಪಂದದಂತೆ ಚೀನವು ರಾಜಮನೆತನದ ಕನ್ಯೆಯನ್ನು ಕೊಟ್ಟು, ರೇಷ್ಮೆ, ಧಾನ್ಯ, ಮದ್ಯಗಳನ್ನು ವರ್ಷವರ್ಷವೂ ಕಳುಹಿಸಬೇಕಾಯಿತು.

ಇಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಥಾಮಸ್ ಬಾರ್‌ಫೀಲ್ಡ್ 1989ರ ತಮ್ಮ ಗ್ರಂಥದಲ್ಲಿ, ಅಲೆಮಾರಿ ಸಾಮ್ರಾಜ್ಯಗಳು ಚೀನದ ನೆರಳಿನಂತೆ ಬೆಳೆದವೆಂದೂ, ಚೀನದಿಂದ ಬಂದ ಸಂಪತ್ತನ್ನು ಹಂಚಿಯೇ ಅರಸನು ಮುಖ್ಯಸ್ಥರನ್ನು ಹಿಡಿದಿಟ್ಟನೆಂದೂ ವಾದಿಸಿದರು. ವಾದದಲ್ಲಿ ಸತ್ಯಾಂಶವಿದೆ, ಓಡಿಹೋಗಬಲ್ಲ ಪ್ರಜೆಯನ್ನು ಹಿಡಿದಿಡಲು ದಂಡಕ್ಕಿಂತ ದಾನವೇ ಮೇಲು. ಆದರೆ ಅಷ್ಟೇ ಎಂದರೆ ನಾನು ಒಪ್ಪಲಾರೆ. ಮೋದು ತನ್ನ ಜನರನ್ನು ಒಗ್ಗೂಡಿಸಿದ್ದು ಚೀನದ ಕಾಣಿಕೆ ಬರುವುದಕ್ಕೆ ಹತ್ತು ವರ್ಷ ಮೊದಲು. ಬೈಕಾಲ್ ಸರೋವರದ ಆಚೆಗೆ ಇವೋಲ್ಗಾ ಎಂಬಲ್ಲಿ ಉತ್ಖನನವಾದ ಷಿಯೋಂಗ್ನು ನೆಲೆಯಲ್ಲಿ ಮನೆಗಳೂ ಬೇಸಾಯದ ಕುರುಹುಗಳೂ ಕಬ್ಬಿಣದ ಕೆಲಸದ ಅವಶೇಷಗಳೂ ದೊರೆತಿವೆ. ಅವರು ಬೇಡಿ ತಿಂದು ಬದುಕಿದವರಲ್ಲ.

ಈ ಜನರ ಕಥೆಯನ್ನು ಬಹುಪಾಲು ಅವರ ಶತ್ರುಗಳ ಶಾಯಿಯಲ್ಲೇ ನಾವು ಓದಬೇಕಾಗಿದೆ. ಅಪವಾದವೊಂದಿದೆ. ಮಂಗೋಲಿಯದ ಓರ್ಖಾನ್ ಕಣಿವೆಯಲ್ಲಿ ಕ್ರಿ.ಶ. 732 ಮತ್ತು 735ರಲ್ಲಿ ತುರ್ಕಿ ಖಾಗಾನರು ತಮ್ಮದೇ ಭಾಷೆಯಲ್ಲಿ, ತಮ್ಮದೇ ಲಿಪಿಯಲ್ಲಿ ಶಿಲಾಶಾಸನಗಳನ್ನು ನಿಲ್ಲಿಸಿದರು. 1893ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ ಆ ಲಿಪಿಯನ್ನು ಬಿಡಿಸಿದಾಗ, ಚೀನದ ಸವಿಮಾತಿಗೂ ನುಣುಪು ರೇಷ್ಮೆಗೂ ಮರುಳಾಗದಿರಿ ಎಂದು ತನ್ನ ಜನರಿಗೆ ಎಚ್ಚರಿಕೆ ಹೇಳುವ ಅರಸನ ದನಿ ಕೇಳಿಬಂತು.

ಇನ್ನು ಮಂಗೋಲರ ವಿಷಯ. ಷಿಯೋಂಗ್ನುಗಳಿಗೂ ಇವರಿಗೂ ನಡುವೆ ಸಾವಿರದ ನಾನೂರು ವರ್ಷಗಳ ಅಂತರವಿದೆ. ಆದರೆ ಹತ್ತು, ನೂರು, ಸಾವಿರಗಳ ಲೆಕ್ಕ ಅಳಿದಿರಲಿಲ್ಲ. 1206ರ ಮಹಾಸಭೆಯಲ್ಲಿ ಚೆಂಗೀಸ್ ಖಾನನೆಂಬ ಬಿರುದು ಪಡೆದ ತೆಮೂಜಿನ್ ಈ ಹಳೆಯ ಲೆಕ್ಕಕ್ಕೆ ಹೊಸ ಪ್ರಯೋಜನ ಕಂಡನು. ಸೋತ ಕುಲಗಳನ್ನು ಒಡೆದು, ಬೇರೆ ಬೇರೆ ಕುಲದವರನ್ನು ಬೆರೆಸಿ 95 ಸಾವಿರ ಪಡೆಗಳಾಗಿ ವಿಂಗಡಿಸಿದನು. ಒಬ್ಬನು ತನ್ನ ಪಡೆಯನ್ನು ಬಿಟ್ಟು ಇನ್ನೊಂದಕ್ಕೆ ತಾನಾಗಿ ಹೋದರೆ ಮರಣದಂಡನೆ. ನಡೆದುಹೋಗುವ ಪ್ರಜೆಯ ಸಮಸ್ಯೆಗೆ ಅವನು ಕಂಡ ಪರಿಹಾರ ಕ್ರೂರವಾದರೂ ಸ್ಪಷ್ಟ. ನಾಯಕರ ಮಕ್ಕಳನ್ನು ಹತ್ತು ಸಾವಿರ ಮಂದಿಯ ಅಂಗರಕ್ಷಕ ಪಡೆಗೆ ಸೇರಿಸಿಕೊಂಡನು. ಅವರು ಅರ್ಧ ಒತ್ತೆಯಾಳುಗಳು, ಅರ್ಧ ಮುಂದಿನ ಅಧಿಕಾರಿಗಳು. ಹುಟ್ಟಿನಿಂದ ದೊಡ್ಡವನಾದವನನ್ನು ಬಿಟ್ಟು ಕೆಲಸದಿಂದ ದೊಡ್ಡವನಾದವನಿಗೆ ಪದವಿ ಕೊಟ್ಟ ನಿದರ್ಶನಗಳು ಅನೇಕವಿವೆ.

ಅಧ್ಯಾಪಕನಾದ ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾದದ್ದು ಲಿಪಿಯ ಸಂಗತಿ. 1204ರಲ್ಲಿ ನೈಮನ್ ಜನರನ್ನು ಸೋಲಿಸಿದಾಗ ಅವರ ಅರಸನ ಮುದ್ರೆ ಹಿಡಿದು ನಿಂತಿದ್ದ ತಾತಾತೋಂಗ ಎಂಬ ಉಯ್ಗುರ್ ಲಿಪಿಕಾರ ಸೆರೆಸಿಕ್ಕನು. ಖಾನನು ಅವನನ್ನು ಕೊಲ್ಲದೆ, ತನ್ನ ಮಕ್ಕಳಿಗೆ ಅಕ್ಷರ ಕಲಿಸಲು ನೇಮಿಸಿದನು. ಉಯ್ಗುರ್ ಅಕ್ಷರಗಳೇ ಮಂಗೋಲ್ ಭಾಷೆಯ ಲಿಪಿಯಾದವು. ಮಗ ಒಗೊದೈ ಕಾಲದಲ್ಲಿ ಉತ್ತರ ಚೀನವನ್ನೆಲ್ಲ ಹುಲ್ಲುಗಾವಲು ಮಾಡಿಬಿಡೋಣವೆಂಬ ಸಲಹೆ ಬಂದಾಗ, ಯೆಲು ಚುತ್ಸಾಯ್ ಎಂಬ ಮಂತ್ರಿ ತೆರಿಗೆಯ ಆದಾಯವನ್ನು ಲೆಕ್ಕ ಹಾಕಿ ತೋರಿಸಿ ಅದನ್ನು ತಪ್ಪಿಸಿದನು. ಅವನು ಖಿತಾನ್ ರಾಜವಂಶದವನು. 907ರಿಂದ 1125ರವರೆಗೆ ಆಳಿದ ಅವನ ಪೂರ್ವಜರು ಪಶುಪಾಲಕರಿಗೊಂದು, ಬೇಸಾಯಗಾರರಿಗೊಂದು ಎಂದು ಎರಡು ಆಡಳಿತಗಳನ್ನೇ ನಡೆಸಿದ್ದರು. ಒಂದೇ ನಿಯಮ ಎಲ್ಲರಿಗೂ ಹೊಂದದೆಂಬ ತಿಳಿವಳಿಕೆ ಹುಲ್ಲುಗಾವಲಿನಿಂದ ಬಂದವರಿಗೆ ಇತ್ತು. 1254ರಲ್ಲಿ ಕಾರಾಕೋರಮ್ ರಾಜಧಾನಿಯನ್ನು ಕಂಡ ಯುರೋಪಿನ ಪಾದ್ರಿ ವಿಲಿಯಮ್ ಅಲ್ಲಿ ಹನ್ನೆರಡು ದೇವಾಲಯಗಳು, ಎರಡು ಮಸೀದಿಗಳು, ಒಂದು ಚರ್ಚು ಇದ್ದವೆಂದು ಬರೆದಿಟ್ಟಿದ್ದಾನೆ.

ಹಾಗಾದರೆ ಅವರು ಮಾಡಿದ ಸಂಹಾರ? ಅದನ್ನು ಮರೆಮಾಚಲು ನಾನು ಹೊರಟಿಲ್ಲ. 1221ರಲ್ಲಿ ಮರ್ವ್, ನಿಶಾಪುರಗಳಲ್ಲಿ, 1258ರಲ್ಲಿ ಬಾಗ್ದಾದಿನಲ್ಲಿ ಹರಿದ ರಕ್ತಕ್ಕೆ ಸಮಾಧಾನವಿಲ್ಲ. ಆದರೆ ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರೆಂದು ಅಶೋಕನೇ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ನಾವು ಅವನ ಪಾಠದಲ್ಲಿ ಕಳಿಂಗವನ್ನೂ ಕಲಿಸುತ್ತೇವೆ, ಧರ್ಮಮಹಾಮಾತ್ರರನ್ನೂ ಕಲಿಸುತ್ತೇವೆ. ಮಂಗೋಲರ ಪಾಠದಲ್ಲಿ ಮಾತ್ರ ಕಳಿಂಗವಷ್ಟೇ ಉಳಿಯುತ್ತದೆ. ಅವರ ನಿಜವಾದ ದೌರ್ಬಲ್ಯ ಉತ್ತರಾಧಿಕಾರ. ಮಂದೆಯನ್ನು ಮಕ್ಕಳಿಗೆ ಹಂಚುವಂತೆ ಸಾಮ್ರಾಜ್ಯವನ್ನೂ ಹಂಚಿದರು. 1260ರಿಂದ 1264ರವರೆಗೆ ಕುಬ್ಲಾಯಿ ಖಾನನೂ ಅವನ ತಮ್ಮನೂ ಕಾದಾಡಿದ ಮೇಲೆ ಅದು ಮತ್ತೆ ಒಂದಾಗಲಿಲ್ಲ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಮೊದಲ ಮಳೆಗೆ ಶಾಲೆಗೆ ಬರುತ್ತಿದ್ದನು. ದಸರೆ ಕಳೆದೊಡನೆ ತಂದೆಯ ಮಂದೆಯೊಡನೆ ಹೊರಟುಹೋಗುತ್ತಿದ್ದನು. ಇನ್ನೂರು ಕುರಿಗಳಲ್ಲಿ ಒಂದು ತಪ್ಪಿದರೂ ಎಣಿಸದೆಯೇ ತಿಳಿಯುತ್ತದೆಂದು ಒಮ್ಮೆ ಹೇಳಿದ್ದನು. ಮೂರನೆಯ ವರ್ಷ, ಸತತ ಗೈರುಹಾಜರಿಗಾಗಿ, ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದವನು ನಾನೇ.