ಹಳೇ ಹಾರ್ನಿನ ಹೊಟ್ಟೆ ಬಗೆಯುವ ಮುನ್ನ

ಹಳೇ ಹಾರ್ನ್ ಸ್ಪೀಕರಿನ ಹುಚ್ಚು ಹಿಡಿದವರಿಗೆಲ್ಲ ಒಂದು ಸಾಮಾನ್ಯ ರೋಗವಿದೆ. ಅರವತ್ತು ವರ್ಷ ಹಳೆಯ ಡ್ರೈವರ್ ಜೋಡಿ ಕೈಗೆ ಸಿಕ್ಕಿತು ಅನ್ನಿ, ಅದನ್ನು ಒಂದು ವಾರ ಕೂತು ಕೇಳುವ ತಾಳ್ಮೆ ಇಲ್ಲ. ಮೊದಲು ಸ್ಕ್ರೂಡ್ರೈವರ್ ಹುಡುಕುತ್ತಾರೆ! ಡಯಾಫ್ರಾಮ್ ಬದಲಿಸು, ಹಿಂದಿನ ಮುಚ್ಚಳ ಕೊರೆ, ಮ್ಯಾಗ್ನೆಟ್ ಕಿತ್ತು ತಿಕ್ಕು... ಇದಕ್ಕೆಲ್ಲ ‘ಮಾಡಿಫಿಕೇಶನ್’ ಅಂತ ದೊಡ್ಡ ಹೆಸರು ಬೇರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬದಲಾಯಿಸಿ, ಬೇಡ ಅನ್ನುವುದಿಲ್ಲ. ಆದರೆ ನಾಳೆ ಬೇಡವೆನಿಸಿದರೆ ಮೊದಲಿನ ಹಾಗೇ ಮಾಡಲು ಬರುವಂಥದ್ದನ್ನು ಮಾತ್ರ ಬದಲಾಯಿಸಿ.

ಇದರ ಪರಿಚಯ ಇಲ್ಲದವರಿಗೆ ಎರಡು ಮಾತು. ಊರಲ್ಲಿ ಮೈಕ್ ಸೆಟ್ಟಿನವರು ಕಹಳೆಯ ಹಿಂದೆ ತಿರುಗಿಸಿ ಕೂರಿಸುವ ‘ಯೂನಿಟ್’ ನೋಡಿದ್ದೀರಲ್ಲ? ಇಲ್ಲಿ ಮುಂಬೈಯಲ್ಲಿ ಮರಾಠಿಯವರು ಇಡೀ ಕಹಳೆಯನ್ನು ‘ಭೋಂಗಾ’ ಅನ್ನುತ್ತಾರೆ. ನಾನು ಹೇಳುತ್ತಿರುವುದು ಅದೇ ಜಾತಿಯ, ಸಿನಿಮಾ ಮಂದಿರಕ್ಕೆಂದು ಅಮೆರಿಕದಲ್ಲಿ ಮಾಡಿದ ದೊಡ್ಡಣ್ಣನ ವಿಷಯ. ತೆಳು ಲೋಹದ ಗುಮ್ಮಟದಂಥ ಡಯಾಫ್ರಾಮ್ ಇಕ್ಕಟ್ಟಾದ ಜಾಗದಲ್ಲಿ ಗಾಳಿಯನ್ನು ಒತ್ತಿ, ಸಣ್ಣ ಸಂದುಗಳ ಮೂಲಕ ಹಾರ್ನಿನ ಗಂಟಲಿಗೆ ದೂಡುತ್ತದೆ. ಮೂಕಿ ಚಿತ್ರ ಟಾಕಿಯಾಗುತ್ತಿದ್ದ 1926ರ ಹೊತ್ತಿಗೆ ಬೆಲ್ ಲ್ಯಾಬ್ಸಿನ ವೆಂಟ್ ಮತ್ತು ಥುರಾಸ್ ರೂಪಿಸಿದ ವೆಸ್ಟರ್ನ್ ಎಲೆಕ್ಟ್ರಿಕ್ 555 ಈ ವಂಶದ ಹಿರಿಯಜ್ಜ. ಆಮೇಲೆ ಬಂದವು ಆಲ್ಟೆಕ್‌ನ 288, 802. ಆಲ್ಟೆಕ್ ಬಿಟ್ಟು ಹೊರಬಂದ ಜೇಮ್ಸ್ ಲ್ಯಾನ್ಸಿಂಗ್ 1946ರಲ್ಲಿ ಕಟ್ಟಿದ ಕಂಪನಿಯಿಂದ 1950ರ ದಶಕದಲ್ಲಿ ಜೆಬಿಎಲ್ 375 ಬಂತು.

ಈಗ ಮುಖ್ಯ ಮಾತಿಗೆ ಬರೋಣ. ಇವು ಯಾರ ಮನೆಯ ಹಾಲ್‌ಗೂ ಹುಟ್ಟಿದವಲ್ಲ. ಸಾವಿರ ಜನ ಕೂರುವ ಮಂದಿರದಲ್ಲಿ, ತೂತುತೂತಿನ ಪರದೆಯ ಹಿಂದೆ ನಿಂತು, ವಾಲ್ವ್ ಆಂಪ್ಲಿಫೈಯರಿನ ಕೆಲವೇ ವ್ಯಾಟ್‌ಗಳಲ್ಲಿ ಕೊನೇ ಸಾಲಿನವನಿಗೂ ಮಾತು ಮುಟ್ಟಿಸಬೇಕಿತ್ತು. ಅದಕ್ಕೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ನೂರು ಡೆಸಿಬೆಲ್ ದಾಟಿ ಕೂಗುತ್ತವೆ. ಅದನ್ನು ತಂದು ನಮ್ಮ ಮುಂಬೈ ಫ್ಲ್ಯಾಟಿನ ಹತ್ತಡಿ ಹಾಲ್‌ನಲ್ಲಿ ಎದುರಿಗಿಟ್ಟುಕೊಂಡು ‘ಕಿವಿಗೆ ಚುಚ್ಚುತ್ತದೆ, ಹಿಸ್ ಅನ್ನುತ್ತದೆ’ ಅಂದರೆ ತಪ್ಪು ಯಾರದು ಸ್ವಾಮಿ? ಡ್ರೈವರ್ ಕೆಟ್ಟಿಲ್ಲ, ಅದರ ನೌಕರಿ ಬದಲಾಗಿದೆ. ಹಾಗಾದರೆ ಸರಿಪಡಿಸಬೇಕಾದದ್ದು ಅದರ ಸುತ್ತಲಿನ ವ್ಯವಸ್ಥೆಯನ್ನು.

ಡೊಂಬಿವಲಿಯ ನಮ್ಮ ಗೆಳೆಯರೊಬ್ಬರ ಕತೆ ಕೇಳಿ. ಮುಚ್ಚಿಹೋದ ಟಾಕೀಸೊಂದರಿಂದ ಬಂದ ಆಲ್ಟೆಕ್ 288 ಜೋಡಿ ಅವರಿಗೆ ಸಿಕ್ಕಿತ್ತು. ಒಂದಕ್ಕೆ ಸ್ವಲ್ಪ ತುಕ್ಕು. ರಿಪೇರಿಯವನೊಬ್ಬ ಬಹಳ ಶ್ರದ್ಧೆಯಿಂದ ಅದರ ಮ್ಯಾಗ್ನೆಟ್ಟನ್ನೇ ಕಿತ್ತು ಹೊರಗಿಟ್ಟು, ಕಬ್ಬಿಣದ ಭಾಗಗಳನ್ನೆಲ್ಲ ತಿಕ್ಕಿ ಬೆಳಗಿ ವಾಪಸ್ ಜೋಡಿಸಿದ. ನೋಡಲು ಹೊಸ ಬೋಗುಣಿಯಂತಿತ್ತು. ಆದರೆ ನಡುವೆ ನಿಂತು ಹಾಡಬೇಕಾದ ಗಾಯಕ ಎಡಗೋಡೆಗೆ ಒರಗಿ ಹಾಡತೊಡಗಿದ! ಆಲ್ನಿಕೋ ಮ್ಯಾಗ್ನೆಟ್ಟಿನ ಸ್ವಭಾವವೇ ಹಾಗೆ. ತನ್ನ ಕಬ್ಬಿಣದ ಕವಚದೊಳಗೆ ತೆಪ್ಪಗಿದ್ದರೆ ದಶಕಗಟ್ಟಲೆ ಶಕ್ತಿ ಉಳಿಸಿಕೊಳ್ಳುತ್ತದೆ. ಹೊರಗೆ ತೆಗೆದಿರೋ, ಆ ಗಳಿಗೆಯಲ್ಲೇ ಬಲದ ಒಂದು ಪಾಲು ಹೋಯಿತು. ಪುನಃ ಜೋಡಿಸಿದ ಮೇಲೆ ಮತ್ತೆ ಮ್ಯಾಗ್ನೆಟೈಸ್ ಮಾಡಿಸಲೇಬೇಕು. ಅದಕ್ಕೆ ಬೇಕಾದ ಯಂತ್ರ ಗಲ್ಲಿಯ ರಿಪೇರಿ ಅಂಗಡಿಯಲ್ಲಿ ಎಲ್ಲಿಂದ ಬರಬೇಕು?

ಇನ್ನು ಟೈಟಾನಿಯಂ ಡಯಾಫ್ರಾಮಿನ ಮೋಹ. ಹೆಸರು ಕೇಳಿದರೇ ಹೊಸದು, ಉತ್ತಮ ಅನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಅಲ್ಯುಮಿನಿಯಂ ಮತ್ತು ಟೈಟಾನಿಯಂ ಎರಡರಲ್ಲೂ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. ಟೈಟಾನಿಯಂ ಹೆಚ್ಚು ಬಿಗಿ, ಆದರೆ ಅಷ್ಟೇ ಹೆಚ್ಚು ಭಾರ. ಹಾಗಾಗಿ ಲೋಹ ಬದಲಿಸಿದ ಮಾತ್ರಕ್ಕೆ ಡಯಾಫ್ರಾಮ್ ತನ್ನಷ್ಟಕ್ಕೆ ನಡುಗಲು ಶುರುಮಾಡುವ ಮಟ್ಟ ಹೆಚ್ಚೇನೂ ಮೇಲೇರುವುದಿಲ್ಲ. ಟೈಟಾನಿಯಂನ ನಿಜವಾದ ಗುಣ ಬಾಳಿಕೆ. ರಾತ್ರಿಯಿಡೀ ಜೋರಾಗಿ ಬಾರಿಸುವ ಕಾರ್ಯಕ್ರಮದವರಿಗೆ ಅದು ಬೇಕು, ಮನೆಯಲ್ಲಿ ಮೆಲ್ಲಗೆ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವವನಿಗೆ ಯಾಕೆ? ಬೆರಿಲಿಯಂ ಮಾತ್ರ ಬೇರೆ ದರ್ಜೆ, ಅದರಲ್ಲಿ ಶಬ್ದದ ವೇಗ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಒಡೆದರೆ ಕೈ ಹಾಕಿ ಗುಡಿಸುವಂತಿಲ್ಲ.

ಹಾಗಾದರೆ ಏನು ಮಾಡಬಹುದು? ಬೇಕಾದಷ್ಟಿದೆ. ಮೊದಲು ಎರಡೂ ಡ್ರೈವರನ್ನು ಒಂದೇ ಹಾರ್ನಿಗೆ ಸರದಿಯಲ್ಲಿ ಕೂರಿಸಿ ಅಳೆದು, ವ್ಯತ್ಯಾಸ ಬರೆದಿಡಿ. ಡಯಾಫ್ರಾಮ್ ಹುಷಾರಾಗಿ ತೆಗೆದು, ಕಾಯಿಲ್ ಓಡಾಡುವ ಸಂದಿನಲ್ಲಿ ತೆಳು ರಟ್ಟಿಗೆ ಅಂಟುಟೇಪ್ ಸುತ್ತಿ ಆಡಿಸಿ. ಕಬ್ಬಿಣದ ಪುಡಿ ಅಂಟಿಕೊಂಡು ಬರುತ್ತದೆ. ಅರ್ಧ ‘ಹಳೇ ಸ್ಪೀಕರಿನ ಒರಟು ದನಿ’ ಅಲ್ಲೇ ಹೋಗುತ್ತದೆ. ಎಲ್-ಪ್ಯಾಡ್ ಹಾಕಿ. 16 ಓಮ್ ಡ್ರೈವರಿಗೆ ಸರಣಿಯಲ್ಲಿ 11 ಓಮ್, ಡ್ರೈವರಿಗೆ ಅಡ್ಡಲಾಗಿ 7.5 ಓಮ್ ಕೊಟ್ಟರೆ 10 ಡೆಸಿಬೆಲ್ ಇಳಿಯುತ್ತದೆ, ಹಿಸ್ ಕೂಡ ಅದರ ಜೊತೆಗೇ ಇಳಿಯುತ್ತದೆ. ಆ 11 ಓಮ್ ರೆಸಿಸ್ಟರಿನ ಮೇಲೆ ಎರಡು ಮೂರು ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕೂರಿಸಿದರೆ ಮಂಕಾದ ಮೇಲುಸ್ವರ ಎದ್ದು ಬರುತ್ತದೆ. ಲ್ಯಾಮಿಂಗ್ಟನ್ ರೋಡಿಗೆ ಒಂದು ಸುತ್ತು ಹಾಕಿದರೆ ಇವೆಲ್ಲ ಸಿಗುತ್ತವೆ. ಆಲ್ಟೆಕ್ 511, 811ರಂಥ ಎರಕದ ಹಾರ್ನನ್ನು ಬೆರಳಲ್ಲಿ ಬಡಿದರೆ ಗಂಟೆಯಂತೆ ಠಣ್ ಅನ್ನುತ್ತದೆ. ಹೊರಮೈಗೆ ಮತ್ತೆ ಕಿತ್ತು ತೆಗೆಯಲು ಬರುವ ಮೆತ್ತನೆಯ ಪಟ್ಟಿ ಅಂಟಿಸಿ. ಹಿಂದಿನ ಮುಚ್ಚಳ ಕೊರೆಯುವ ಬದಲು ಒಳಗೆ ಡಯಾಫ್ರಾಮಿಗೆ ತಾಗದಂತೆ ತೆಳು ಫೆಲ್ಟ್ ಇಟ್ಟು ಕೇಳಿ. ಹಿಡಿಸದಿದ್ದರೆ ತೆಗೆದುಹಾಕಿ, ಅಷ್ಟೇ.

“ಅಲ್ರೀ, ರೊಕ್ಕಾ ಕೊಟ್ಟು ತಂದೀನಿ, ನಾ ಏನರ ಮಾಡ್ತೀನಿ. ಇದೇನ್ ಮ್ಯೂಸಿಯಂ ಏನ್ರೀ?” ಅಂತ ಹುಬ್ಬಳ್ಳಿ ಕಡೆಯ ಇನ್ನೊಬ್ಬ ಗೆಳೆಯರು ಜಗಳ ತೆಗೆದರು. ಅವರ ಮಾತಲ್ಲೂ ನ್ಯಾಯವಿದೆ. ಸುಟ್ಟ ಕಾಯಿಲ್ ಇಟ್ಟುಕೊಂಡು ಪೂಜೆ ಮಾಡಿ ಅಂತ ನಾನೂ ಹೇಳುವುದಿಲ್ಲ. ಸತ್ತ ಡಯಾಫ್ರಾಮ್ ಬದಲಿಸಲೇಬೇಕು. ನನ್ನ ತಕರಾರು ಜೀವಂತ ಇರುವುದನ್ನು ಕಿತ್ತು ಕಸಕ್ಕೆ ಎಸೆಯುವುದರ ಬಗ್ಗೆ. 1970ರ ದಶಕದ ಕೊನೆಯಲ್ಲಿ ಕೋಬಾಲ್ಟ್ ಬೆಲೆ ಗಗನಕ್ಕೇರಿದಾಗ ಸ್ಪೀಕರ್ ತಯಾರಕರಲ್ಲಿ ಹೆಚ್ಚಿನವರು ಆಲ್ನಿಕೋ ಬಿಟ್ಟು ಫೆರೈಟಿಗೆ ಹೋದರು. ಆ ಕಾಲದ ಮೂಲ ಡಯಾಫ್ರಾಮ್ ಒಂದು ಹರಿದರೆ ಲೋಕದಲ್ಲಿ ಒಂದು ಕಡಿಮೆಯಾಯಿತು ಅಂತಲೇ ಲೆಕ್ಕ. ಇತ್ತ ಒಂಟಿ ಪರದೆಯ ಟಾಕೀಸುಗಳು ಒಂದೊಂದಾಗಿ ಮುಚ್ಚುತ್ತಿವೆ. ಒಳಗಿನ ಸಾಮಾನು ಗುಜರಿಗೆ ಹೋದರೆ ಕೇಳುವುದು ‘ಎಷ್ಟು ಕಿಲೋ?’ ಅಂತ ಮಾತ್ರ. ಅಲ್ಲಿಂದ ಉಳಿದು ಬಂದದ್ದನ್ನು ನಾವೇ ಪ್ರೀತಿಯ ಹೆಸರಲ್ಲಿ ಹಾಳುಮಾಡಿದರೆ ಗುಜರಿಯವನಿಗೂ ನಮಗೂ ಏನು ವ್ಯತ್ಯಾಸ?

ಬದಲಿಸಲೇಬೇಕಾಗಿ ಬಂದರೆ ಹಳೆಯ ಡಯಾಫ್ರಾಮನ್ನು ಗಟ್ಟಿ ಡಬ್ಬಿಯಲ್ಲಿಟ್ಟು, ಯಾವ ಡ್ರೈವರಿನದು, ಎಷ್ಟು ಓಮ್, ಯಾವಾಗ ತೆಗೆದದ್ದು ಅಂತ ಚೀಟಿ ಬರೆದು ಒಳಗೆ ಹಾಕಿ. ನಮ್ಮ ನಂತರ ಅದು ಯಾರ ಕೈ ಸೇರುತ್ತದೋ, ಅವರಿಗೂ ಅದರ ಮೊದಲಿನ ದನಿ ಕೇಳುವ ಅವಕಾಶ ಇರಲಿ. ಇಷ್ಟು ಕೇಳುವುದು ಜಾಸ್ತಿಯಾಯಿತೇ? ನೀವೇನಂತೀರಿ?