ಗುಜರಿಗೆ ಹಾಕುವ ಮೊದಲು ಮುಚ್ಚಳ ಬಿಚ್ಚಿ



ನಾನು ಭೇಟಿ ಕೊಡುವ ಶಾಲೆಗಳಲ್ಲಿ ಎಷ್ಟೋ ಸಲ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಕಂಪ್ಯೂಟರ್ ಕಾಣುತ್ತದೆ. ಕೇಳಿದರೆ, “ಹಳೆಯದು ಸಾರ್, ತುಂಬಾ ನಿಧಾನ” ಎನ್ನುತ್ತಾರೆ. ನಿಧಾನವಾಯಿತೆಂದು ಅದನ್ನು ಗುಜರಿಗೆ ಹಾಕುವುದು ತಪ್ಪು. ಒಳಗೆ ಏನಿದೆ ಎಂದು ನೋಡದೆ ಹೊಸ ಭಾಗ ಕೊಂಡು ತರುವುದೂ ಅಷ್ಟೇ ತಪ್ಪು. ಎರಡನೆಯ ತಪ್ಪನ್ನು ನಾನೇ ಮಾಡುವುದರಲ್ಲಿದ್ದೆ.

ಒಂದು ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ರ್‍ಯಾಮ್ ಪಟ್ಟಿಯೊಂದನ್ನು ತಂದುಕೊಟ್ಟರು. ರ್‍ಯಾಮ್ ಎಂದರೆ ಕೆಲಸ ನಡೆಯುವಾಗ ಕಂಪ್ಯೂಟರ್ ಮಾಹಿತಿ ಇಟ್ಟುಕೊಳ್ಳುವ ತಾತ್ಕಾಲಿಕ ಸ್ಮೃತಿ. ಅದು ಹೆಚ್ಚಿದರೆ ಯಂತ್ರ ಚುರುಕಾಗುತ್ತದೆ. ನಾನು ಮುಚ್ಚಳ ಬಿಚ್ಚಿ ಪಟ್ಟಿಯನ್ನು ಕೂರಿಸಲು ಹೋದೆ. ಕೂರಲಿಲ್ಲ. ಇನ್ನಷ್ಟು ಒತ್ತೋಣ ಎನ್ನುವಷ್ಟರಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ಇದರ ಕಚ್ಚು ಬೇರೆ ಕಡೆ ಇದೆ” ಎಂದಳು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದೆವು. ಉದ್ದ ಒಂದೇ. ಅಂಚಿನ ಸಂಪರ್ಕ ಬಿಂದುಗಳು ಎರಡರಲ್ಲೂ 240. ಕಚ್ಚು ಮಾತ್ರ ಸ್ವಲ್ಪ ಸರಿದಿತ್ತು. ಎಂ.ಎಸ್ಸಿ. ಓದಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ!

ಆ ಯಂತ್ರದ ಮದರ್‌ಬೋರ್ಡ್ ಡಿಡಿಆರ್2 ಕಾಲದ್ದು, ತಂದದ್ದು ಡಿಡಿಆರ್3. ಡಿಡಿಆರ್2ಕ್ಕೆ 1.8 ವೋಲ್ಟ್ ಬೇಕು, ಡಿಡಿಆರ್3ಕ್ಕೆ 1.5 ವೋಲ್ಟ್. ಬಿಂದುಗಳಲ್ಲಿ ಹರಿಯುವ ಸಂಕೇತಗಳ ಕ್ರಮವೂ ಬೇರೆ. ಯಾರೂ ತಪ್ಪಿ ಕೂರಿಸಬಾರದೆಂದೇ ಕಚ್ಚಿನ ಜಾಗ ಬದಲಿಸಿದ್ದಾರೆ. ಆಮೇಲೆ ಬಂದ ಡಿಡಿಆರ್4, ಡಿಡಿಆರ್5 ಪಟ್ಟಿಗಳಲ್ಲಿಯೂ ಹೀಗೆಯೇ: ಎರಡಕ್ಕೂ 288 ಬಿಂದು, ಒಂದರ ಜಾಗದಲ್ಲಿ ಇನ್ನೊಂದು ಕೂರದು.

ಮದರ್‌ಬೋರ್ಡ್ ಎಂದರೆ ಎಲ್ಲ ಭಾಗಗಳೂ ಬಂದು ಸೇರುವ ದೊಡ್ಡ ಹಲಗೆ. ಅದರ ಮೇಲಿನ ತೆಳು ತಾಮ್ರದ ಗೆರೆಗಳೇ ಭಾಗಗಳ ನಡುವಿನ ದಾರಿಗಳು. ಯಾವ ಭಾಗ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ತೀರ್ಮಾನಿಸುವುದು ಈ ಹಲಗೆಯೇ.

ಆಕಾರ ಹೊಂದಿದರೆ ಸಾಕೇ? ಸಾಲದು. 2015ರಲ್ಲಿ ಇಂಟೆಲ್ ಕಂಪನಿ ಎಲ್‌ಜಿಎ 1151 ಎಂಬ ಪ್ರೊಸೆಸರ್ ಸಾಕೆಟ್ ತಂದಿತು. 2017ರಲ್ಲಿ ಬಂದ ಎಂಟನೆಯ ತಲೆಮಾರಿನ ಪ್ರೊಸೆಸರ್‌ಗಳಿಗೂ ಅದೇ ಹೆಸರಿನ ಸಾಕೆಟ್. ಆದರೂ ಅವಕ್ಕೆ ಹೊಸ ಮದರ್‌ಬೋರ್ಡೇ ಬೇಕಾಯಿತು. ಇನ್ನೊಂದು ಕಡೆ ಎಎಮ್‌ಡಿ ಕಂಪನಿಯ ಎಎಮ್4 ಸಾಕೆಟ್ ನೋಡಿ. 2017ರಲ್ಲಿ ಮಾರಾಟವಾದ ಎಷ್ಟೋ ಬೋರ್ಡ್‌ಗಳು, ಬಯೋಸ್ ಎಂಬ ಆರಂಭಿಕ ತಂತ್ರಾಂಶವನ್ನು ಹೊಸದು ಮಾಡಿಕೊಂಡು, 2020ರ ಪ್ರೊಸೆಸರನ್ನೂ ನಡೆಸಿದವು. ಎಲ್ಲ ತಯಾರಕರೂ ಈ ಎರಡನೆಯ ದಾರಿ ಹಿಡಿಯಲಿ ಎನ್ನುವವನು ನಾನು. ಒಂದು ಭಾಗಕ್ಕಾಗಿ ಇಡೀ ಹಲಗೆ ಎಸೆದರೆ, ಹಳೆಯ ಹಲಗೆಗಳ ಬೆಸುಗೆಯಲ್ಲಿರುವ ಸೀಸ ಕೊನೆಗೆ ಸೇರುವುದು ನಮ್ಮ ಮಣ್ಣನ್ನೇ ಅಲ್ಲವೇ?

ಎಲ್ಲವೂ ಹೀಗೆ ಹಟಮಾರಿಯಲ್ಲ. ಸೆಕೆಂಡಿಗೆ 6 ಗಿಗಾಬಿಟ್ ವೇಗದ ಸಾಟಾ ಎಸ್‌ಎಸ್‌ಡಿಯನ್ನು 3 ಗಿಗಾಬಿಟ್‌ನ ಹಳೆಯ ಸಾಟಾ ಕಿಂಡಿಗೆ ಜೋಡಿಸಿದರೂ ಅದು ವೇಗ ತಗ್ಗಿಸಿಕೊಂಡು ಕೆಲಸ ಮಾಡುತ್ತದೆ. ಆಗಲೂ ಹಳೆಯ ಹಾರ್ಡ್‌ಡಿಸ್ಕಿಗಿಂತ ಚುರುಕೇ. ಪ್ರತಿದಿನ ತಾರೀಖು ತಪ್ಪು ತೋರಿಸುವ ಕಂಪ್ಯೂಟರಿಗಂತೂ ಹೆಚ್ಚಿನ ಸಲ ಬೇಕಾಗುವುದು 3 ವೋಲ್ಟ್‌ನ ಒಂದು ಬಿಲ್ಲೆ ಬ್ಯಾಟರಿ, ಅಷ್ಟೇ.

ನಿಮ್ಮ ಶಾಲೆಯ ಯಂತ್ರವನ್ನೂ ಶಿಕ್ಷಕರ ಜೊತೆ ಒಮ್ಮೆ ತೆರೆದು ನೋಡಿ. ಮೊದಲು ವಿದ್ಯುತ್ ತಂತಿ ಕಿತ್ತಿಡಿ. ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ವಿದ್ಯುತ್ ಪೂರೈಸುವ ಒಳಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ತಂತಿ ಕಿತ್ತ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಹಲಗೆಯ ಮೇಲೆ ಅಚ್ಚಾದ ಹೆಸರು, ಸಂಖ್ಯೆಗಳನ್ನು ಬರೆದುಕೊಂಡು ತಯಾರಕರ ಕೈಪಿಡಿಯಲ್ಲಿ ಹುಡುಕಿ. ಅಂಗಡಿಗೆ ಹೋಗುವುದು ಆಮೇಲೆ.

ಆ ಶಾಲೆಗೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಡಿಡಿಆರ್2 ಪಟ್ಟಿ ಸಿಕ್ಕಿತು, ಕಂಪ್ಯೂಟರ್ ನಡೆಯುತ್ತಿದೆ. ಕೂರದ ಡಿಡಿಆರ್3 ಪಟ್ಟಿಯನ್ನು ಆ ಹುಡುಗಿ ದಾರ ಕಟ್ಟಿ ವಿಜ್ಞಾನ ಮೂಲೆಯಲ್ಲಿ ತೂಗುಹಾಕಿದ್ದಾಳೆ, ಪಕ್ಕದಲ್ಲೇ ಒಂದು ಅಳತೆಪಟ್ಟಿಯನ್ನೂ ಇಟ್ಟಿದ್ದಾಳೆ.