ಅಡ್ಡಗೋಡೆಯ ಮೇಲಿನ ದೀಪ ಸಾಕು

ನಾವು ಹೈದರಾಬಾದಿನ ಕನ್ನಡಿಗರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದಲ್ಲಿ ದಕ್ಕನಿ. ಮಳೆಗೆ ಮಾತ್ರ ಭಾಷೆಯಿಲ್ಲ. 2020ರ ಅಕ್ಟೋಬರ್ 13ರಂದು ನಗರದಲ್ಲಿ 19 ಸೆಂ.ಮೀ., ಘಟ್‌ಕೇಸರ್ ಕಡೆ 32 ಸೆಂ.ಮೀ. ಸುರಿಯಿತು. ಅದೇ ವಾರ ಗುರ್ರಂ ಚೆರುವಿನ ಕಟ್ಟೆ ಒಡೆದು ಹಾಫಿಜ್ ಬಾಬಾ ನಗರದ ಮನೆಗಳಿಗೆ ನೀರು ನುಗ್ಗಿತು.

ಕೆಸರು ತೊಳೆದು ಇನ್ನೂ ಒಣಗದ ಅಡುಗೆಮನೆಯಲ್ಲಿ ಕೂತು ನಮ್ಮಲ್ಲೊಬ್ಬರು ರೇಡಿಯೋದಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಚರ್ಚೆಯೊಂದನ್ನು ಕೇಳಿದರು. ವಿಜ್ಞಾನಿಗೆ ಏಳು ನಿಮಿಷ. 'ಇಂಥ ಮಳೆ ಅಜ್ಜನ ಕಾಲದಲ್ಲೂ ಬಂದಿತ್ತು' ಎಂದವರಿಗೂ ಏಳೇ ನಿಮಿಷ. 'ಎರಡೂ ವಾದ ಕೇಳಿದಿರಿ, ತೀರ್ಮಾನ ನಿಮ್ಮದು' ಎಂದು ನಿರೂಪಕರು ಹಾಡು ಹಾಕಿದರು!

ಅಜ್ಜನ ಮಾತು ಸುಳ್ಳಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಆಮೇಲೆ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಅವರಿವರ ಅಭಿಪ್ರಾಯ ತೂಗುತ್ತ ಕೂರಲಿಲ್ಲ. ಮಳೆಯ ಲೆಕ್ಕ ತೆಗೆದರು. ಮೂಸಿ ಜಲಾನಯನದ 788 ಕೆರೆಗಳಲ್ಲಿ 221 ಒಡೆದಿವೆ ಎಂದು ಬರೆದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ಲೆಕ್ಕದಿಂದ ಹುಟ್ಟಿದವು.

ಇವತ್ತಿನ ಲೆಕ್ಕವೂ ಕೈಯಲ್ಲಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಭೂಮಿಯನ್ನು ಕಾಯಿಸಿದ್ದು ಮನುಷ್ಯನೇ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಖಡಾಖಂಡಿತವಾಗಿ ಹೇಳಿತು. ಸಮತೋಲನಕ್ಕೆಂದು ಅಲ್ಲಗಳೆಯುವವರನ್ನು ಕರೆತರಬೇಕಿಲ್ಲ ಎಂದು ಬಿಬಿಸಿ 2018ರಲ್ಲೇ ತನ್ನ ಸಿಬ್ಬಂದಿಗೆ ತಿಳಿಸಿತ್ತು. ನಮ್ಮ ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಮು ಭಿನ್ನ ನೋಟಗಳಿಗೆ ಜಾಗ ಕೊಡಿ ಎನ್ನುತ್ತದೆ, ನಿಜ. ಆದರೆ ಅದಕ್ಕೂ ಮೊದಲು, ಸತ್ಯವಾದ ಮಾಹಿತಿ ಪಡೆಯುವ ನಾಗರಿಕರ ಹಕ್ಕನ್ನು ಕಾಪಾಡಿ ಎನ್ನುತ್ತದೆ. ಈ ಮೊದಲ ಭಾಗ ಯಾಕೋ ಯಾರ ಕಣ್ಣಿಗೂ ಬೀಳುವುದಿಲ್ಲ.

ವಾದವೇ ಬೇಡ ಎನ್ನುತ್ತಿಲ್ಲ. ಕಟ್ಟೆ ಒಡೆದದ್ದರಲ್ಲಿ ಮಳೆಯ ಪಾಲೆಷ್ಟು, ಕೆರೆಯಂಗಳದಲ್ಲಿ ಎದ್ದ ಲೇಔಟಿನ ಪಾಲೆಷ್ಟು? ಅದಕ್ಕೆ ಪರವಾನಗಿ ಕೊಟ್ಟವರು ಯಾರು? 2015ರ ಮೇ ತಿಂಗಳ ಬಿಸಿಗಾಳಿಗೆ ತೆಲಂಗಾಣ, ಆಂಧ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರಲ್ಲ, ಅಂಥ ಮಧ್ಯಾಹ್ನ ಕೆಲಸ ನಿಲ್ಲಿಸಿದರೆ ಕೂಲಿ ತುಂಬಿಕೊಡುವವರು ಯಾರು? ಇದರ ಬಗ್ಗೆ ಮೇಸ್ತ್ರಿ, ಬಿಲ್ಡರ್, ಅಧಿಕಾರಿ ಎಲ್ಲರೂ ಬಂದು ಜಗಳವಾಡಲಿ, ಗಂಟೆಗಟ್ಟಲೆ ಕೇಳುತ್ತೇವೆ. ಥರ್ಮಾಮೀಟರಿನ ಅಂಕಿಗೆ ಮಾತ್ರ ಎದುರುವಾದಿ ಬೇಡ.

ರೇಡಿಯೋ, ಟಿವಿ ಪಕ್ಕ ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಯಾರು ಮಾತಾಡಿದರು, ಅವರು ಓದಿದ್ದೇನು, ಎಷ್ಟು ನಿಮಿಷ ಸಿಕ್ಕಿತು, ಬರೆದಿಡಿ. ತಿಂಗಳಿಗೊಮ್ಮೆ ಒಟ್ಟಿಗೆ ಕೂತು ನಿಲಯ ನಿರ್ದೇಶಕರಿಗೆ ಪತ್ರ ಬರೆಯೋಣ. ಮೊದಲ ಪತ್ರಕ್ಕೆ ನಿಮ್ಮ ಸಹಿಯೂ ಇರಲಿ.